ಫರ್ನಿಚರ್‌ಗೆ 'ಎಸ್' ಬೇಡ

ಬೆಂಗಳೂರಿನ ವಿಜಯನಗರದ ಯಾವುದೇ ದರ್ಶಿನಿಯಲ್ಲಿ 'ಎರಡು ಕಾಫಿ' ಎಂದರೆ ಸಾಕು, 'ಕಾಫಿಗಳು' ಎನ್ನಬೇಕಿಲ್ಲ. ಎರಡು ಪುಸ್ತಕ, ಹತ್ತು ಮರ ಎಂದರೂ ನಡೆಯುತ್ತದೆ. ಮನುಷ್ಯರಾದರೆ ಮಾತ್ರ 'ಇಬ್ಬರು ಹುಡುಗರು'. ಇಂಗ್ಲಿಷಿನಲ್ಲಿ ಈ ಸಲಿಗೆ ಇಲ್ಲ. ಬುಕ್ಸ್, ಟ್ರೀಸ್ ಎನ್ನಲೇಬೇಕು. ಇದನ್ನು ಕಲಿತ ನಾವು ಆಮೇಲೆ ಸಿಕ್ಕಿದ್ದಕ್ಕೆಲ್ಲ 'ಎಸ್' ಅಂಟಿಸುತ್ತೇವೆ. ಫರ್ನಿಚರ್ಸ್, ಲಗೇಜಸ್, ಎಕ್ವಿಪ್‌ಮೆಂಟ್ಸ್ ಹುಟ್ಟುವುದು ಹೀಗೆ. ಅಂಗಡಿ ಬೋರ್ಡುಗಳೂ ಇದಕ್ಕೆ ಹೊರತಲ್ಲ.

ಚೇರ್, ಬ್ಯಾಗ್, ಮೆಷಿನ್ 'ಕೌಂಟಬಲ್', ಅಂದರೆ ಎಣಿಕೆಗೆ ಸಿಗುವ ನಾಮಪದಗಳು. ಇವುಗಳಿಗೆ ಮುಂಚೆ 'ಎ', ಕೊನೆಗೆ 'ಎಸ್' ಬರಬಹುದು. ಬಹುವಚನಕ್ಕೆ 'ಮೆನಿ' ಸೇರುತ್ತದೆ. ರೈಸ್, ಫರ್ನಿಚರ್, ಲಗೇಜ್, ಮೆಷಿನರಿ, ಇನ್ಫರ್ಮೇಶನ್, ಹೋಮ್‌ವರ್ಕ್ 'ಅನ್‌ಕೌಂಟಬಲ್'. ಇವಕ್ಕೆ 'ಎ'ಯೂ ಇಲ್ಲ, 'ಎಸ್'ಸೂ ಇಲ್ಲ. 'ಮೆನಿ' ಬದಲು 'ಮಚ್', 'ಆರ್' ಬದಲು 'ಈಸ್'. ನ್ಯೂಸ್ ಕೊನೆಯಲ್ಲಿ ಎಸ್ ಕಂಡರೂ ಅದು ಏಕವಚನವೇ.

'ಕುರ್ಚಿ, ಮಂಚ ಎಣಿಸಬಹುದಲ್ಲ? ದುಡ್ಡನ್ನಂತೂ ದಿನಾ ಎಣಿಸುತ್ತೇವೆ' ಎನ್ನುತ್ತೀರಿ. ತಕರಾರು ಸರಿಯೇ. ಆದರೆ ಎಣಿಸುವುದು ರೂಪಾಯಿಯನ್ನು. 'ಮನಿ' ಒಟ್ಟು ರಾಶಿಯ ಹೆಸರು. ಫರ್ನಿಚರ್ ಕೂಡ ಹಾಗೆಯೇ. ಲೆಕ್ಕ ಹೇಳಲೇಬೇಕೆಂದರೆ ಮುಂಚೆ ಒಂದು ಅಳತೆಯ ಪದ ಸೇರಿಸಿ: 'ಟೂ ಪೀಸಸ್ ಆಫ್ ಫರ್ನಿಚರ್', 'ಎ ಪೀಸ್ ಆಫ್ ಅಡ್ವೈಸ್', 'ತ್ರೀ ಬ್ಯಾಗ್ಸ್ ಆಫ್ ರೈಸ್'. ಅಕ್ಕಿಯನ್ನು ನಾವೂ ಸೇರು, ಕೆ.ಜಿ. ಲೆಕ್ಕದಲ್ಲೇ ತರುವುದಲ್ಲವೇ?

ಕೆಲವು ಪದಗಳು ಎರಡೂ ಪಂಗಡದಲ್ಲಿವೆ. ಕಾಫಿ ಅನ್‌ಕೌಂಟಬಲ್. ಆದರೂ ಹೋಟೆಲಿನಲ್ಲಿ 'ಟೂ ಕಾಫೀಸ್' ಎಂದರೆ ತಪ್ಪಿಲ್ಲ, ಎರಡು ಲೋಟ ಎಂದೇ ಅರ್ಥ. ತಲೆತುಂಬ ಇರುವುದು 'ಹೇರ್'. ಸಾರಿನಲ್ಲಿ ಒಂದು ಸಿಕ್ಕರೆ ಅದು 'ಎ ಹೇರ್'! ಬರೆಯುವ ಕಾಗದ 'ಪೇಪರ್', ಬೆಳಗಿನ ಪತ್ರಿಕೆ 'ಎ ಪೇಪರ್'.

ಆದ್ದರಿಂದ ಊಹೆಗಿಂತ ನಿಘಂಟನ್ನು ನಂಬುವುದು ಮೇಲು. ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಇಂಗ್ಲಿಷ್ ಕಲಿಯುವ ಪರಭಾಷಿಕರಿಗೆಂದೇ 1942ರಲ್ಲಿ ಜಪಾನಿನಲ್ಲಿ ನಿಘಂಟೊಂದನ್ನು ತಂದರು. ಅದೇ ಮುಂದೆ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯಾಯಿತು. ಅದರಲ್ಲಿ ನಾಮಪದದ ಪಕ್ಕ 'ಸಿ' ಇದ್ದರೆ ಕೌಂಟಬಲ್, 'ಯು' ಇದ್ದರೆ ಅನ್‌ಕೌಂಟಬಲ್. ಎರಡೂ ಇದ್ದರೆ ಉದಾಹರಣೆ ಓದಿ ತಿಳಿಯಬೇಕು. ಅದರ ಜಾಲತಾಣ ಉಚಿತ. ಪುಸ್ತಕವೇ ಬೇಕೆಂದರೆ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ನೀವು ಶಿಕ್ಷಕರಾಗಿದ್ದರೆ, ಕೆಂಗೇರಿಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಈ ಸಂಸ್ಥೆಯ ಕೆಲಸವೇ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವುದು.

ಮಕ್ಕಳು ಹೊಸ ಪದ ಬರೆದುಕೊಳ್ಳುವಾಗ ಅರ್ಥದ ಜತೆಗೆ ಆ 'ಸಿ' ಅಥವಾ 'ಯು'ವನ್ನೂ ಬರೆಸಿ.