ಶ್ವಾಸಕೋಶದ ರಕ್ತನಾಳಗಳೂ ಕ್ಯಾಲ್ಸಿಯಂ ಧಾತುವೂ

ದೇಹದ ಬಹುತೇಕ ಅಂಗಗಳಲ್ಲಿ ಆಮ್ಲಜನಕದ ಅಭಾವವೊದಗಿದರೆ ಅಲ್ಲಿನ ಕಿರುಧಮನಿಗಳು ಹಿಗ್ಗಿ ಹೆಚ್ಚು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಶ್ವಾಸಕೋಶದ ನಡತೆ ಇದಕ್ಕೆ ತದ್ವಿರುದ್ಧ. ಗಾಳಿ ಸಾಲದೆಡೆಯ ನಾಳಗಳು ಅಲ್ಲಿ ಸಂಕೋಚಗೊಳ್ಳುತ್ತವೆ. ಸ್ವೀಡನ್ ದೇಶದ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬ ವಿಜ್ಞಾನಿಗಳು ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ 1946ರಲ್ಲಿ ಇದನ್ನು ಪ್ರಕಟಿಸಿದರು. ವಿಚಾರಿಸಿ ನೋಡಿದರೆ ಇದು ವಿವೇಕದ ಏರ್ಪಾಡೇ ಸರಿ. ಕಫ ಕಟ್ಟಿದ ಭಾಗಕ್ಕೆ ಹೋದ ರಕ್ತವು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಅದನ್ನು ಗಾಳಿಯಾಡುವ ಕಡೆಗೆ ತಿರುಗಿಸುವುದೇ ಲೇಸು.

ಇದಕ್ಕೆ ಹೆಚ್ಚು ಸಂಕೋಚವೇನೂ ಬೇಕಿಲ್ಲ. ಭೌತಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವ ಪ್ವಾಸೇಯ ಸೂತ್ರದಂತೆ, ಕೊಳವೆಯಲ್ಲಿನ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಒತ್ತಡ ಬದಲಾಗದಿದ್ದಲ್ಲಿ, ತ್ರಿಜ್ಯವು ನೂರಕ್ಕೆ 10ರಷ್ಟು ಕುಗ್ಗಿದರೆ ಹರಿವು ನೂರಕ್ಕೆ 66ಕ್ಕೆ ಇಳಿಯುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಾಗುತ್ತದೆ! ರಕ್ತವು ನೀರಿನಂತಹ ಸರಳ ದ್ರವವಲ್ಲ, ನಾಳವು ಗಾಜಿನ ಕೊಳವೆಯೂ ಅಲ್ಲ. ಆದರೂ ಲೆಕ್ಕದ ದಾರಿ ತಪ್ಪಲ್ಲ.

ನಾಳವನ್ನು ಕುಗ್ಗಿಸುವವು ಅದರ ಗೋಡೆಯನ್ನು ಸುತ್ತುವರಿದ ಸ್ನಾಯುಕೋಶಗಳು. ಈ ಕೋಶಗಳ ಹೊರಗೆ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಒಳಗಿನದಕ್ಕಿಂತ ಸುಮಾರು 10,000 ಮಡಿ ಹೆಚ್ಚು. ಏರಿಯ ಹಿಂದೆ ನಿಂತ ಕೆರೆಯ ನೀರಿನಂತೆ ಅವು ತೂಬು ತೆರೆಯುವುದನ್ನೇ ಕಾದಿರುತ್ತವೆ. ಆಮ್ಲಜನಕ ಕಡಿಮೆಯಾದೊಡನೆ ಕೋಶದ ಪೊರೆಯಲ್ಲಿರುವ ಕೆಲವು ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಹೊರಹೋಗುತ್ತಿದ್ದ ಧನವಿದ್ಯುತ್ತು ಒಳಗೇ ಉಳಿದು ಪೊರೆಯ ಇಕ್ಕೆಲಗಳ ವಿಭವಾಂತರ ತಗ್ಗುತ್ತದೆ. ಹಾಗೆ ತಗ್ಗಿದಾಗಲೇ ಕ್ಯಾಲ್ಸಿಯಂ ದ್ವಾರಗಳು ತೆರೆಯುವುದು. ಕೋಶದೊಳಗಿನ ಉಗ್ರಾಣಗಳೂ ತಮ್ಮಲ್ಲಿ ಕೂಡಿಟ್ಟ ಕ್ಯಾಲ್ಸಿಯಮನ್ನು ಹೊರಬಿಡುತ್ತವೆ. ಬಂದ ಅಯಾನುಗಳು ಕಾಲ್‌ಮಾಡ್ಯುಲಿನ್ ಎಂಬ ಪ್ರೋಟೀನನ್ನು ಕೂಡಿ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಆ ಕಿಣ್ವದಿಂದ ಫಾಸ್ಫೇಟು ಪಡೆದ ಮಯೋಸಿನ್ ತಂತುಗಳು ಆಕ್ಟಿನ್ ತಂತುಗಳನ್ನು ಎಳೆಯುತ್ತವೆ. ಕೋಶ ಬಿಗಿಯುತ್ತದೆ. ಆಮ್ಲಜನಕದ ಕೊರತೆಯನ್ನು ಮೊದಲು ಅರಿಯುವ ಅಂಗ ಕೋಶದೊಳಗಿನ ಮೈಟೊಕಾಂಡ್ರಿಯ ಎಂಬುದು ಇಂದು ಪ್ರಬಲವಾದ ಅಭಿಪ್ರಾಯ. ಆ ಸುದ್ದಿ ಪೊರೆಗೆ ತಲಪುವ ಬಗೆಯಲ್ಲಿ ಮಾತ್ರ ವಿದ್ವಾಂಸರಿಗೆ ಒಮ್ಮತವಿಲ್ಲ.

ಶ್ವಾಸಕೋಶದ ಒಂದು ಮೂಲೆಗೆ ಹಿತವಾದ ಈ ಏರ್ಪಾಡು ಇಡೀ ಶ್ವಾಸಕೋಶದಲ್ಲಿ ನಡೆದರೆ ಅಪಾಯಕಾರಿ. ಎತ್ತರದ ಪರ್ವತಗಳ ಮೇಲೆ ಆಗುವುದು ಇದೇ. ಅಲ್ಲಿ ಎಲ್ಲೆಡೆಯೂ ಆಮ್ಲಜನಕ ವಿರಳ. ರಕ್ತ ತಿರುಗಿಕೊಳ್ಳಲು ಬೇರೆ ದಾರಿಯಿಲ್ಲ. ಬಯಲುಸೀಮೆಯಲ್ಲಿ ಪಾದರಸದ ಸುಮಾರು 15 ಮಿಲಿಮೀಟರಷ್ಟಿರುವ ಶ್ವಾಸಕೋಶದ ಧಮನಿಯ ಸರಾಸರಿ ಒತ್ತಡವು ಏರುತ್ತದೆ. ಬಿಗಿತವು ಎಲ್ಲ ನಾಳಗಳಲ್ಲಿ ಒಂದೇ ಸಮನಾಗಿರದ ಕಾರಣ, ಸಡಿಲವಾಗಿ ಉಳಿದವುಗಳಲ್ಲಿ ರಕ್ತ ನುಗ್ಗಿ, ಲೋಮನಾಳಗಳಿಂದ ದ್ರವವು ಒಸರಿ ಗಾಳಿಗೂಡುಗಳನ್ನು ತುಂಬಬಹುದು. ಬಯಲಿನಿಂದ ತ್ವರಿತವಾಗಿ ಹಿಮಾಲಯಕ್ಕೆ ಏರಿದ ಯೋಧರಲ್ಲಿ ಕಂಡ ಈ ವ್ಯಾಧಿಯನ್ನು ಭಾರತೀಯ ಸೇನೆಯ ವೈದ್ಯರು 1960ರ ದಶಕದಲ್ಲಿ ವಿವರವಾಗಿ ವರದಿ ಮಾಡಿದರು. ರೋಗಿಯನ್ನು ಕೆಳಗಿಳಿಸುವುದೂ ಆಮ್ಲಜನಕವನ್ನು ಕೊಡುವುದೂ ಮುಖ್ಯವಾದ ಚಿಕಿತ್ಸೆ. ಇದಲ್ಲದೆ ನಿಫೆಡಿಪಿನ್ ಎಂಬ ಔಷಧವೂ ಉಂಟು. ಮೇಲೆ ಹೇಳಿದ ಕ್ಯಾಲ್ಸಿಯಂ ದ್ವಾರಗಳನ್ನೇ ಅದು ಅಡ್ಡಗಟ್ಟುತ್ತದೆ.