ಉಪ್ಪಾಗೆಯ ಸಿಪ್ಪೆಯೂ ಮೈಯಿಳಿಸುವ ಮಾತ್ರೆಯೂ: ಒಂದು ಚಾರಿತ್ರಿಕ ವಿವೇಚನೆ

1

ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ದೊರೆಯುವ ಮೈಯಿಳಿಸುವ ಮಾತ್ರೆಗಳ ಮೇಲೆ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ದೂರದೇಶದ್ದೆಂಬಂತೆ ಕೇಳಿಸುವ ಈ ಹೆಸರು ನಮ್ಮ ಸಹ್ಯಾದ್ರಿಯ ಉಪ್ಪಾಗೆ ಮರದ್ದೇ ಆಗಿದೆ. ಆ ಹಣ್ಣಿನ ಹುಳಿಗೆ ಕಾರಣವಾದ ಆಮ್ಲವು ಯಾವುದೆಂಬುದನ್ನು ಖಚಿತವಾಗಿ ನಿರ್ಣಯಿಸಿದ ಕೆಲಸವೂ ನಡೆದದ್ದು ಮೈಸೂರು ನಗರದಲ್ಲಿಯೇ. ಅಡುಗೆಯ ಹುಳಿಯಾಗಿದ್ದ ಒಂದು ಸಿಪ್ಪೆ ಜಗತ್ತಿನ ಮಾರುಕಟ್ಟೆಯಲ್ಲಿ ಔಷಧದಂತೆ ಮಾರಾಟವಾದುದು ಹೇಗೆ, ಅದರ ಗುಣವನ್ನು ಕುರಿತ ಪ್ರಮಾಣಗಳು ಎಷ್ಟು ಗಟ್ಟಿಯಾದವು, ಅದರಿಂದ ಒದಗಬಹುದಾದ ಅಪಾಯಗಳು ಯಾವುವು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಔಷಧದ ವಿಷಯಕ್ಕೂ ಇತಿಹಾಸಕ್ಕೂ ಏನು ಸಂಬಂಧವೆಂದು ಕೇಳಬಹುದು. ಯಾರು ಹೇಳಿದರು, ಯಾವಾಗ ಹೇಳಿದರು, ಏನನ್ನು ಕಂಡು ಹೇಳಿದರು ಎಂದು ಕೇಳುವುದು ಚರಿತ್ರೆಯ ಅಭ್ಯಾಸಿಯ ಮೊದಲ ಕರ್ತವ್ಯ. ಶಾಸನವನ್ನು ಓದುವಾಗ ಸಲ್ಲುವ ಈ ನಿಯಮವು ಮಾತ್ರೆಯ ಡಬ್ಬಿಯ ಮೇಲಿನ ಬರಹವನ್ನು ಓದುವಾಗಲೂ ಸಲ್ಲುತ್ತದೆ.

2

ಉಪ್ಪಾಗೆಯು ಉತ್ತರ ಕನ್ನಡದಿಂದ ಕೊಡಗು, ಕೇರಳಗಳವರೆಗೆ ಮಳೆಕಾಡುಗಳಲ್ಲಿ ಬೆಳೆಯುವ ಮರ. ಸಸ್ಯಶಾಸ್ತ್ರಜ್ಞರು ಈಗ ಇದನ್ನು ‘ಗಾರ್ಸೀನಿಯಾ ಗಮ್ಮಿಗಟ್ಟ’ ಎಂದು ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಶರಬತ್ತಿಗೆ ಬಳಸುವ ಮುರುಗಲು ಇದರ ದಾಯಾದಿ. ಮಲೆನಾಡಿನವರು ಉಪ್ಪಾಗೆಯ ಸಿಪ್ಪೆಯನ್ನು ಒಣಗಿಸಿಟ್ಟುಕೊಂಡು ಹುಣಿಸೆಗೆ ಬದಲಾಗಿ ಬಳಸುತ್ತಿದ್ದರು. ಬೀಜದಿಂದ ತುಪ್ಪವನ್ನು ತೆಗೆಯುತ್ತಿದ್ದರು. ಕೊಡಗಿನವರ ಕಾಚಂಪುಳಿಯೂ ಈ ಜಾತಿಯ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಬತ್ತಿಸಿ ಮಾಡಿದ್ದು. ಪಶ್ಚಿಮ ಕರಾವಳಿಯಲ್ಲಿ ಉಪ್ಪು ಹಾಕಿ ಮೀನನ್ನು ಕೆಡದಂತೆ ಇಡುವ ‘ಕೊಲಂಬೊ’ ಕ್ರಮದಲ್ಲಿಯೂ ಈ ಸಿಪ್ಪೆಗೆ ಸ್ಥಾನವಿದ್ದಿತು.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳಾದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಈ ಸಿಪ್ಪೆಯ ಆಮ್ಲವನ್ನು ಪರೀಕ್ಷಿಸಿದರು. ಹಿಂದಿನ ಗ್ರಂಥಗಳಲ್ಲಿ ಇದನ್ನು ಟಾರ್ಟಾರಿಕ್ ಆಮ್ಲವೆಂದೋ ಸಿಟ್ರಿಕ್ ಆಮ್ಲವೆಂದೋ ಹೇಳಲಾಗುತ್ತಿದ್ದಿತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು 1965ರಲ್ಲಿ ಪ್ರಕಟವಾದ ಇವರ ಪ್ರಬಂಧವು ಸ್ಥಾಪಿಸಿತು. ಒಣಗಿದ ಸಿಪ್ಪೆಯಲ್ಲಿ ಈ ಆಮ್ಲವು ನೂರಕ್ಕೆ 10ರಿಂದ 30 ಭಾಗದಷ್ಟು ಇರುತ್ತದೆ. ಆ ಪ್ರಬಂಧದ ವಸ್ತು ಹಣ್ಣಿನ ರಸಾಯನವೇ ಹೊರತು ಮನುಷ್ಯನ ಮೈತೂಕವಲ್ಲ.

3

ಮೈತೂಕದ ವಿಚಾರವು ಬಂದುದು ಅನಂತರ. ಈ ಆಮ್ಲವು ದೇಹದ ಒಂದು ಕಿಣ್ವವನ್ನು ತಡೆಯುವುದೆಂದು 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ಹಿಟ್ಟು ಸಕ್ಕರೆಗಳನ್ನು ಹೆಚ್ಚಾಗಿ ತಿಂದಾಗ, ಮಿಕ್ಕುದನ್ನು ಕೊಬ್ಬನ್ನಾಗಿ ಮಾರ್ಪಡಿಸುವ ಕಾರ್ಯದಲ್ಲಿ ಆ ಕಿಣ್ವವು ಸಿಟ್ರಿಕ್ ಆಮ್ಲವನ್ನು ಒಡೆದು ಕೊಬ್ಬಿಗೆ ಬೇಕಾದ ಮೂಲದ್ರವ್ಯವನ್ನು ಒದಗಿಸುತ್ತದೆ. ದಾರಿಯನ್ನೇ ಕಟ್ಟಿದರೆ ಕೊಬ್ಬು ಹುಟ್ಟದು ಎಂಬುದು ತರ್ಕ. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಈ ತರ್ಕಕ್ಕೆ ಬೆಂಬಲವನ್ನು ಕೊಟ್ಟವು.

ಆದರೆ ಇಲಿಗೆ ಒಪ್ಪಿದ ಮಾತು ಮನುಷ್ಯನಿಗೆ ಒಪ್ಪಲೇಬೇಕೆಂದಿಲ್ಲ. ಸಾಮಾನ್ಯ ಆಹಾರವನ್ನು ಉಣ್ಣುವ ಮನುಷ್ಯನ ಮೈಯಲ್ಲಿ ಸೇರುವ ಕೊಬ್ಬಿನ ಬಹುಭಾಗವು ಊಟದ ಕೊಬ್ಬಿನಿಂದಲೇ ಬರುತ್ತದೆ. ಹಿಟ್ಟು ಸಕ್ಕರೆಗಳಿಂದ ಹೊಸದಾಗಿ ಹುಟ್ಟುವುದು ಸ್ವಲ್ಪ. ಕಟ್ಟಿದ ದಾರಿಯಲ್ಲಿ ಸಂಚಾರವೇ ಕಡಮೆಯಾಗಿದ್ದರೆ ಕಟ್ಟಿದುದರಿಂದ ಫಲವೇನು? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನು ತೋರಿಸಿತು. 135 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಉಳಿದವರಿಗೆ ಸತ್ತ್ವವಿಲ್ಲದ ಹುಸಿಮಾತ್ರೆಯನ್ನೂ 12 ವಾರಗಳ ಕಾಲ ಕೊಡಲಾಯಿತು. ಎಲ್ಲರಿಗೂ ಮಿತಾಹಾರವನ್ನು ವಿಧಿಸಲಾಗಿದ್ದಿತು. ಆಮ್ಲವನ್ನು ಸೇವಿಸಿದವರ ತೂಕ ಸರಾಸರಿ 3.2 ಕಿಲೋಗ್ರಾಂ ಇಳಿಯಿತು, ಹುಸಿಮಾತ್ರೆಯವರದು 4.1 ಕಿಲೋಗ್ರಾಂ. ಈ ವ್ಯತ್ಯಾಸವು ಗಣ್ಯವಾದುದಲ್ಲ. ಎಂದರೆ, ಇಳಿದ ತೂಕಕ್ಕೆ ಮಿತಾಹಾರವೇ ಕಾರಣವಾಗಿದ್ದಿತು. ಬೇರೆ ಬೇರೆ ಪರೀಕ್ಷೆಗಳನ್ನು ಕೂಡಿಸಿ ನೋಡಿದ 2011ರ ಸಮೀಕ್ಷೆಯೊಂದು ಸುಮಾರು 0.9 ಕಿಲೋಗ್ರಾಂ ಲಾಭವನ್ನು ಕಂಡಿತಾದರೂ ಆ ಪರೀಕ್ಷೆಗಳು ಅಲ್ಪಕಾಲದವು.

ಇಷ್ಟು ದುರ್ಬಲವಾದ ಪ್ರಮಾಣದ ಮೇಲೆ ದೊಡ್ಡದೊಂದು ವ್ಯಾಪಾರವು ಬೆಳೆಯಿತು. 1990ರ ದಶಕದಲ್ಲಿ ಬೇಡಿಕೆ ಏರಿದಾಗ ಶಿರಸಿ, ಸಿದ್ದಾಪುರಗಳ ಕಾಡಂಚಿನ ಜನರಿಗೆ ಉಪ್ಪಾಗೆಯು ಆದಾಯದ ಮೂಲವಾಯಿತು. ಹಣ್ಣು ಮಳೆಗಾಲದಲ್ಲಿ ಬರುವುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾಗುತ್ತಿತ್ತು. ಅದಕ್ಕಾಗಿ ಸೌದೆಯೂ ಅಪಾರವಾಗಿ ಖರ್ಚಾಯಿತು. ದೂರದ ಪಟ್ಟಣಗಳ ಆಸೆಗೆ ನಮ್ಮ ಕಾಡೂ ಬೆಲೆಯನ್ನು ತೆರಬೇಕಾಯಿತು.

4

ನಿರುಪಯೋಗವೆಂಬುದು ಒಂದು ದೋಷ. ಅಪಾಯವೆಂಬುದು ಅದಕ್ಕಿಂತ ಗುರುತರವಾದ ದೋಷ. ಉಪ್ಪಾಗೆಯ ಸಾರವೂ ಸೇರಿದ್ದ ‘ಹೈಡ್ರಾಕ್ಸಿಕಟ್’ ಎಂಬ ಮಾತ್ರೆಗಳನ್ನು ಕುರಿತು 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಕೆಯನ್ನು ಹೊರಡಿಸಿತು. ಯಕೃತ್ತಿಗೆ ಹಾನಿಯಾದ 23 ವರದಿಗಳು ಅದಕ್ಕೆ ಬಂದಿದ್ದವು. ಒಂದು ಸಾವೂ ಸಂಭವಿಸಿದ್ದಿತು. ತಯಾರಕರು ಆ ಮಾತ್ರೆಗಳನ್ನು ಹಿಂದಕ್ಕೆ ಪಡೆದರು. ಅವುಗಳಲ್ಲಿ ಹಲವು ದ್ರವ್ಯಗಳಿದ್ದುದರಿಂದ ತಪ್ಪು ಯಾವುದರದೆಂಬ ವಾದವು ಉಳಿಯಿತು. 2022ರಲ್ಲಿ ಅಮೆರಿಕದ ಸಂಶೋಧಕರು ಉಪ್ಪಾಗೆಯ ಸಾರಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು ವಿಶ್ಲೇಷಿಸಿದರು. ಅವುಗಳಲ್ಲಿ 5 ಪ್ರಕರಣಗಳಲ್ಲಿ ಈ ಸಾರವೊಂದೇ ಇದ್ದಿತು. ಉಳಿದವುಗಳಲ್ಲಿ ಬಹುಪಾಲು ಹಸಿರು ಚಹದ ಸಾರವೂ ಬೆರೆತಿದ್ದಿತು. ಆನುವಂಶಿಕವಾದ ಒಂದು ಲಕ್ಷಣವುಳ್ಳವರಲ್ಲಿ ಈ ಹಾನಿ ಹೆಚ್ಚಾಗಿ ಕಂಡುಬಂದಿತು. ಆದುದರಿಂದ ‘ನನ್ನ ಗೆಳೆಯನು ಸೇವಿಸಿದನು, ಅವನಿಗೆ ಏನೂ ಆಗಲಿಲ್ಲ’ ಎಂಬ ಮಾತು ಪ್ರಮಾಣವಾಗಲಾರದು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷಾ ಸಂಸ್ಥೆಯೂ ಇದನ್ನು ಸೇವಿಸಬಾರದೆಂದು ಸಲಹೆಯಿತ್ತಿತು.

‘ನಮ್ಮ ಹಿರಿಯರು ತಿನ್ನುತ್ತಿದ್ದರಲ್ಲ’ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಸಾರಿನಲ್ಲಿ ಕುದಿಸಿ ತೆಗೆದ ಒಂದೆರಡು ಸಿಪ್ಪೆಯೇ ಬೇರೆ, ತಿಂಗಳುಗಟ್ಟಲೆ ದಿನವೂ ನುಂಗುವ ಸಾಂದ್ರಸಾರವೇ ಬೇರೆ. ಪರಂಪರೆಯು ಸಾಕ್ಷಿ ನುಡಿಯುವುದು ಮೊದಲನೆಯದಕ್ಕೆ ಮಾತ್ರ.

5

ಒಂದು ಮದ್ದು ಇನ್ನೊಂದರೊಡನೆ ಕೂಡಿದಾಗ ಹುಟ್ಟುವ ತೊಡಕುಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ಖಿನ್ನತೆಗೆ ಕೊಡುವ, ಮಿದುಳಿನ ಸಿರೊಟೋನಿನ್ ದ್ರವ್ಯವನ್ನು ಹೆಚ್ಚಿಸುವ ಔಷಧದೊಡನೆ ಉಪ್ಪಾಗೆಯ ಸಾರವನ್ನು ಸೇವಿಸಿದ ಒಬ್ಬರಲ್ಲಿ ಆ ದ್ರವ್ಯವು ಮಿತಿಮೀರಿದ ಲಕ್ಷಣಗಳು ಕಂಡುಬಂದವೆಂಬ ವರದಿ 2014ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಗೆ ಔಷಧವನ್ನು ಸೇವಿಸುವವರೂ ಯಕೃತ್ತಿನ ರೋಗವುಳ್ಳವರೂ ಇದರಿಂದ ದೂರವಿರುವುದು ಕ್ಷೇಮ.

ಅನೇಕ ದೇಶಗಳಲ್ಲಿ ಚೀಟಿಯಿಲ್ಲದೆ ದೊರೆಯುವ ಆರ್ಲಿಸ್ಟ್ಯಾಟ್ ಎಂಬ ಔಷಧವು ಬೇರೆ ಬಗೆಯದು. ಇದರ ಗುಣವು ಪರೀಕ್ಷೆಗಳಿಂದ ಸಿದ್ಧವಾಗಿದೆ. ಕರುಳಿನಲ್ಲಿ ಕೊಬ್ಬು ಜೀರ್ಣವಾಗದಂತೆ ತಡೆದು ಅದನ್ನು ಹೊರಕ್ಕೆ ಕಳುಹಿಸುತ್ತದೆ. ತೊಡಕು ಇರುವುದೂ ಅಲ್ಲಿಯೇ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ತ್ವಗಳೂ ಅದರೊಡನೆ ಹೊರಟುಹೋಗುತ್ತವೆ. ಕೆ ಜೀವಸತ್ತ್ವವು ಕಡಮೆಯಾದರೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ರಕ್ತಸ್ರಾವದ ಭಯವುಂಟು. ಥೈರಾಯ್ಡ್ ಮಾತ್ರೆಯೂ, ಮೂತ್ರಪಿಂಡವನ್ನು ಬದಲಾಯಿಸಿಕೊಂಡವರು ಸೇವಿಸುವ ಸೈಕ್ಲೋಸ್ಪೋರಿನ್ ಎಂಬ ಔಷಧವೂ ಸರಿಯಾಗಿ ರಕ್ತಕ್ಕೆ ಸೇರದೆಹೋಗಬಹುದು. ಅಂಥವರ ವಿಷಯದಲ್ಲಿ ಈ ಅಲಕ್ಷ್ಯವು ಪ್ರಾಣಕ್ಕೇ ಮುಳುವಾದೀತು.

6

ಇದು ಹೊಸ ಕಥೆಯಲ್ಲ. 1933ರಲ್ಲಿ ಅಮೆರಿಕದಲ್ಲಿ ಡೈನೈಟ್ರೊಫಿನಾಲ್ ಎಂಬ ರಾಸಾಯನಿಕವು ಮೈಯಿಳಿಸುವ ಮದ್ದಾಗಿ ಬಂದಿತು. ಕಣ್ಣಿನ ಪೊರೆ, ತಡೆಯಲಾಗದ ಮೈಕಾವು, ಸಾವುಗಳು ಹಿಂಬಾಲಿಸಿದವು. 1938ರ ಕಾನೂನಿನ ಬಳಿಕ ಅದು ನಿಂತಿತು. ಫೆನ್‌ಫ್ಲೂರಮೀನ್ ಹೃದಯದ ಕವಾಟಗಳನ್ನು ಕೆಡಿಸುವುದೆಂದು 1997ರಲ್ಲಿ ತಿಳಿಯಿತು. ರಿಮೊನಬಾಂಟನ್ನು 2009ರಲ್ಲಿಯೂ ಸಿಬುಟ್ರಮೀನನ್ನು 2011ರಲ್ಲಿಯೂ ಭಾರತ ಸರ್ಕಾರವು ನಿಷೇಧಿಸಿತು. ಹೀಗೆ ನಿಷಿದ್ಧವಾದ ಸಿಬುಟ್ರಮೀನನ್ನೇ ‘ಗಿಡಮೂಲಿಕೆ’ ಎಂಬ ಹೆಸರಿನ ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿರುವುದನ್ನು ಹಲವು ದೇಶಗಳ ಪರೀಕ್ಷಕರು ಕಂಡುಹಿಡಿದಿದ್ದಾರೆ. ಮೊದಲು ಭರವಸೆ, ಬಳಿಕ ವ್ಯಾಪಾರ, ಕೊನೆಯಲ್ಲಿ ಹಾನಿಯ ಅರಿವು: ಪ್ರತಿಯೊಂದು ಸಲವೂ ಕ್ರಮವು ಇದೇ.

ಇಂತಹ ಪೂರಕಾಹಾರಗಳು ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆಗೂ 2016ರ ನಿಯಮಗಳಿಗೂ ಒಳಪಟ್ಟಿವೆ. ಔಷಧವೆನಿಸಿಕೊಂಡುದಕ್ಕೆ ಇರುವಂತಹ ಪರೀಕ್ಷೆಯು ಆಹಾರವೆನಿಸಿಕೊಂಡುದಕ್ಕೆ ಇಲ್ಲ. ಡಬ್ಬಿಯ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂದು ಮುದ್ರಿಸಬೇಕೆಂಬ ವಿಧಿಯಿದೆ. ದೊಡ್ಡ ಅಕ್ಷರದ ಭರವಸೆಯನ್ನು ಓದುವವರು ಈ ಸಣ್ಣ ಅಕ್ಷರವನ್ನೂ ಓದಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಮೈಸೂರಿನ ವಿಜ್ಞಾನಿಗಳು 1965ರಲ್ಲಿ ಹೇಳಿದುದು ಒಂದು ಹಣ್ಣಿನ ಆಮ್ಲದ ಹೆಸರನ್ನು. ಮಾರುಕಟ್ಟೆಯು ಅದಕ್ಕೆ ಹೊರಿಸಿದುದು ಅವರು ಹೇಳದ ಮಾತನ್ನು. ತೂಕ ಇಳಿಸಬೇಕೆನ್ನುವ ವಿದ್ಯಾರ್ಥಿಯು ಮೊದಲು ವೈದ್ಯರನ್ನು ಕಾಣಲಿ. ತಾನು ಸೇವಿಸುವ ಎಲ್ಲ ಮದ್ದುಗಳನ್ನೂ, ಮೂಲಿಕೆಯೆಂದು ಮಾರುವುದನ್ನೂ ಬಿಡದೆ, ಅವರಿಗೆ ತಿಳಿಸಲಿ. ಇಂತಹ ಮಾತ್ರೆಯನ್ನು ಈಗಾಗಲೇ ಸೇವಿಸುತ್ತಿರುವವರು, ಹಸಿವು ಕುಗ್ಗಿ, ಮೂತ್ರವು ಕಪ್ಪಾಗಿ, ಕಣ್ಣು ಹಳದಿಯಾದರೆ, ಅದನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕದ್ದು. ಅಧ್ಯಾಪಕರಾದ ನಾವು ತರಗತಿಯಲ್ಲಿ ಪ್ರಮಾಣವೆಂದರೇನೆಂಬುದನ್ನು ಕಲಿಸುವವರು. ಆ ಪಾಠವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮುಗಿಯದೆ ಅಂಗಡಿಯ ಕಟ್ಟೆಯವರೆಗೂ ವಿದ್ಯಾರ್ಥಿಯ ಜೊತೆಯಲ್ಲಿ ಹೋಗಬೇಕು.