ಹಳೆಯ ಜೀಪು, ಹಿಂದೆ ಟ್ರೈಲರು, ಮುಂದೆ ಘಟ್ಟ



ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಳೆಯದೊಂದು ಜೀಪು ಇರುತ್ತದೆ. ತೋಟಕ್ಕೆ ಗೊಬ್ಬರ ಹೊರುತ್ತದೆ, ಪೇಟೆಗೆ ಅಡಕೆ ಮೂಟೆ ಒಯ್ಯುತ್ತದೆ, ಮಳೆಗಾಲದಲ್ಲಿ ಕೆಸರು ದಾಟಿಸುತ್ತದೆ. ಒಮ್ಮೊಮ್ಮೆ ಅದರ ಹಿಂದೆ ಎರಡು ಗಾಲಿಯ ಟ್ರೈಲರು ಕಟ್ಟಿಕೊಂಡು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಕಡೆಗೋ, ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೋ ಹೋಗಬೇಕಾದ ಕೆಲಸ ಬೀಳುತ್ತದೆ. ಊರ ಸುತ್ತ ಓಡಾಡುವ ಗಾಡಿಗೆ ಘಟ್ಟ ದಾಟುವ ಶಕ್ತಿ ಇದೆಯೇ? ಇದ್ದರೂ, ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು? ಇವತ್ತು ಅದರ ವಿಚಾರ ನಾಲ್ಕು ಮಾತು.

ಘಟ್ಟದಲ್ಲಿ ಹಳೆಯ ಗಾಡಿಯ ದೊಡ್ಡ ಶತ್ರು ಬಿಸಿ. ಹತ್ತುವಾಗ ಇಂಜಿನ್ನು ಕಾಯುತ್ತದೆ, ಇಳಿಯುವಾಗ ಬ್ರೇಕು ಕಾಯುತ್ತದೆ. ಎಷ್ಟು ಕಾಯುತ್ತದೆ ಅಂತೀರಾ? ಒಂದು ಲೆಕ್ಕ ಹಾಕೋಣ. ಜೀಪು, ಅದರಲ್ಲಿ ಕೂತ ಜನ, ಟ್ರೈಲರು, ಸರಕು ಎಲ್ಲ ಸೇರಿ 2,500 ಕಿಲೋ ಇದೆ ಅನ್ನಿ. ಘಟ್ಟದ ತಲೆಯಿಂದ ಬುಡಕ್ಕೆ 600 ಮೀಟರ್ ಇಳಿಯಬೇಕು ಅನ್ನಿ. ಈ ಭಾರ ಅಷ್ಟು ಇಳಿಯುವಾಗ ಹುಟ್ಟುವ ಬಿಸಿಯಿಂದ ಸುಮಾರು 45 ಲೀಟರ್ ತಣ್ಣೀರನ್ನು ಕುದಿಸಬಹುದು. ಅಂದರೆ ಬಚ್ಚಲ ಹಂಡೆಯೊಂದರ ನೀರು! ಈ ಬಿಸಿಯಲ್ಲಿ ಒಂದು ಪಾಲನ್ನು ಗಾಳಿಯೂ ರಸ್ತೆಯೂ ತೆಗೆದುಕೊಳ್ಳುತ್ತವೆ. ಮಿಕ್ಕಿದ್ದನ್ನು ಇಂಜಿನ್ನಿಗೆ ಕೊಡುತ್ತೀರೋ, ಬ್ರೇಕಿಗೆ ಕೊಡುತ್ತೀರೋ ಅನ್ನುವುದು ಓಡಿಸುವವರ ಕೈಯಲ್ಲಿದೆ. ಬ್ರೇಕಿಗೇ ಎಲ್ಲವನ್ನೂ ಕೊಟ್ಟರೆ ಅದು ತಾಳುವುದಿಲ್ಲ.

ಮೊದಲು ಹತ್ತುವ ಮಾತು. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಗಾಲಿಗೆ ತಲುಪುವುದಿಲ್ಲ. ಬಿಸಿಯಾಗಿ ಹೊಗೆ ಕೊಳವೆಗೂ ರೇಡಿಯೇಟರಿಗೂ ಹೋಗುತ್ತದೆ. ಆದ್ದರಿಂದ ರೇಡಿಯೇಟರಿನ ಹೊರಮೈಯಲ್ಲಿ ಕೂತ ಕೆಸರು, ಹುಲ್ಲಿನ ಬೀಜ, ಹುಳು ಎಲ್ಲವನ್ನೂ ಇಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ಒಳಗಿನ ತುಕ್ಕುನೀರು ಚೆಲ್ಲಿ, ಕೂಲೆಂಟ್ ಬೆರೆಸಿದ ಹೊಸ ನೀರು ತುಂಬಿಸಿ. ರಬ್ಬರ್ ಕೊಳವೆಗಳನ್ನು ಹಿಸುಕಿ ನೋಡಿ. ಬಿರುಕು ಬಿಟ್ಟಿದ್ದರೆ, ಮೆತ್ತಗೆ ಉಬ್ಬಿದ್ದರೆ ಬದಲಿಸಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನ ಆಸುಪಾಸು ಬಗ್ಗಬೇಕು; ಜೋಲಾಡಬಾರದು. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ. ಅದು ಒಳಗೆ ಒತ್ತಡ ಹಿಡಿದು, ನೀರು 100 ಡಿಗ್ರಿಗೇ ಕುದಿಯದಂತೆ ಕಾಯುತ್ತದೆ. ರಬ್ಬರು ಸವೆದ ಮುಚ್ಚಳ ಇದ್ದರೆ ಹೊಸದು ಹಾಕಿಸಿ. ಬಿಸಿಯಿರುವಾಗ ಮಾತ್ರ ಅದನ್ನು ತೆಗೆಯಲೇಬೇಡಿ. ಕುದಿನೀರು ಮುಖಕ್ಕೆ ಹಾರುತ್ತದೆ.

ಇನ್ನು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಜಾತಿಯ ಹೊಸ ಎಣ್ಣೆ ಕಡಮೆಯೆಂದರೂ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದೇ ಎಣ್ಣೆ ತೇವ ಕುಡಿದ ಮೇಲೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ಕಟ್ಟುತ್ತದೆ. ಎಣ್ಣೆಯನ್ನು ಒತ್ತಿದರೆ ಬ್ರೇಕು ಹಿಡಿಯುತ್ತದೆ, ಆವಿಯನ್ನು ಒತ್ತಿದರೆ ಅದೇ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕು. ಯಾವಾಗ ಬದಲಿಸಿದ್ದು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲವೆಂದರೆ ಈಗಲೇ ಬದಲಿಸಿ. ಡ್ರಮ್ಮು ಬಿಚ್ಚಿಸಿ ಲೈನಿಂಗ್ ಎಷ್ಟು ಉಳಿದಿದೆ, ಎಣ್ಣೆ ಸೋರಿದೆಯೇ ಎಂದು ಮೆಕ್ಯಾನಿಕ್ಕಿನ ಜೊತೆ ನಿಂತು ನೋಡಿ. ಭಾರದ ಟ್ರೈಲರಾದರೆ ಅದಕ್ಕೂ ಸ್ವಂತ ಬ್ರೇಕು ಬೇಕು.

ಮೂರನೆಯದು ಕೊಕ್ಕೆ ಮತ್ತು ಸರಕು. ಕೊಕ್ಕೆಯನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದಿರಬೇಕು, ಬರಿಯ ಬಂಪರಿಗಲ್ಲ. ಕೊಕ್ಕೆಯ ಪಿನ್ನು ಹಾರದಂತೆ ಅಡ್ಡಪಿನ್ನು ಇರಲಿ. ಟ್ರೈಲರಿನ ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡವಾಗಿ ಹಾಯಿಸಿ ಜೀಪಿಗೆ ಸಿಕ್ಕಿಸಿ. ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ಕುತ್ತುವುದಿಲ್ಲ.

ಸರಕು ಹೇರುವ ವಿದ್ಯೆ ನಿಮಗೆ ಹೊಸದಲ್ಲ. ಎತ್ತಿನ ಗಾಡಿ ಹಿಂಭಾರವಾದರೆ ಏನಾಗುತ್ತದೆ? ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರೈಲರು ಹಿಂಭಾರವಾದರೂ ಹಾಗೆಯೇ. ಅದು ಜೀಪಿನ ಹಿಂಭಾಗವನ್ನು ಎತ್ತುತ್ತದೆ, ಇಳಿಜಾರಿನಲ್ಲಿ ಹಾವಿನ ಹಾಗೆ ಬಾಲ ಬೀಸುತ್ತದೆ. ತುಂಬಿದ ಟ್ರೈಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮೂಕಿಯ ಮೇಲೆ ಕೂರಬೇಕು. 500 ಕಿಲೋ ಟ್ರೈಲರಿಗೆ 50ರಿಂದ 70 ಕಿಲೋ. ಭಾರದ ಮೂಟೆ ಕೆಳಗೆ, ಗಾಲಿಯ ನೆತ್ತಿಗೆ ಸ್ವಲ್ಪ ಮುಂದಕ್ಕೆ, ಹಗುರಾದದ್ದು ಮೇಲೆ. ಜೀಪಿನ ಪುಸ್ತಕ ಹೇಳಿದ್ದಕ್ಕಿಂತ ಒಂದು ಮೂಟೆಯೂ ಹೆಚ್ಚಿಗೆ ಬೇಡ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಟ್ರೈಲರಿನ ಟಯರು ಸವೆಯದೆಯೇ ಮುದಿಯಾಗುತ್ತದೆ. ಕಚ್ಚು ಚೆನ್ನಾಗಿ ಕಂಡರೂ ಪಕ್ಕದಲ್ಲಿ ಬಿರುಕಿದ್ದರೆ ನಂಬಬೇಡಿ. ಗಾಲಿ ಎತ್ತಿ ತಿರುಗಿಸಿ ನೋಡಿ. ಬೇರಿಂಗು ಗರಗರ ಎಂದರೆ ಬಿಚ್ಚಿಸಿ ನೋಡಿಸಿ, ಗ್ರೀಸು ತುಂಬಿಸಿ. ಗೇರ್ ಪೆಟ್ಟಿಗೆಯ ಎಣ್ಣೆಯ ಮಟ್ಟವನ್ನೂ ನೋಡಿ. ಟ್ರೈಲರಿನ ಹಿಂದೀಪ, ಬ್ರೇಕ್ ದೀಪ ಉರಿಯಲಿ. ಅದರ ನೋಂದಣಿ, ವಿಮೆಯ ಕಾಗದ ಜೊತೆಗಿರಲಿ.

ಈಗ ದಾರಿಗೆ ಬನ್ನಿ. ಹತ್ತುವಾಗ ಇಂಜಿನ್ನು ಏದುಸಿರು ಬಿಡುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ಬಿಸಿಯ ಮುಳ್ಳು ಏರಿದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಮರದ ಅಡ್ಡ ಕೊಡಿ. ಇಂಜಿನ್ನನ್ನು ಸ್ವಲ್ಪ ಹೊತ್ತು ಮೆಲ್ಲಗೆ ಓಡಲು ಬಿಡಿ. ನೀರು ತಿರುಗುತ್ತಾ ತಣ್ಣಗಾಗುತ್ತದೆ. ನೀರು ಹೊರಗೆ ಸುರಿದಿದ್ದರೆ ಮಾತ್ರ ಕೂಡಲೆ ಆರಿಸಿ.

ಇಳಿಯುವಾಗಿನ ನಿಯಮ ಸುಲಭ: ಈ ಭಾರ ಹೊತ್ತು ಈ ದಾರಿಯನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಿರಿ. ಆ ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿ. ಓಟ ಬಿದ್ದ ಮೇಲೆ ಹಳೆಯ ಜೀಪಿನಲ್ಲಿ ಕೆಳಗಿನ ಗೇರು ಬೀಳದೆ ನಡುವೆ ಉಳಿದರೆ ಹಿಡಿಯುವವರು ಯಾರು? ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರಾ ಬಿಡಿ. ಮತ್ತೆ ಬೇಕಾದಾಗ ಒತ್ತಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿದರೆ ಸೀಳಬಹುದು. ಒಣ ಡಾಂಬರಿನ ತಿರುವುಗಳಲ್ಲಿ ನಾಲ್ಕು ಚಕ್ರದ ಗೇರೂ ಬೇಡ. ರಸ್ತೆ ಕಿರಿದಾದಲ್ಲಿ ಹತ್ತಿ ಬರುವವರಿಗೆ ದಾರಿ ಬಿಡಬೇಕಾದವರು ಇಳಿಯುವವರು.

“ನ್ಯೂಟ್ರಲ್ ಹಾಕಿ ಬಿಟ್ಟರೆ ಡೀಸೆಲ್ ಉಳೀತದೆ ಸ್ವಾಮಿ” ಎನ್ನುವವರು ಇದ್ದಾರೆ. ಉಳಿದೀತು ಎಂದೇ ಇಟ್ಟುಕೊಳ್ಳಿ. ಆದರೆ ಹಂಡೆ ನೀರು ಕುದಿಸುವ ಬಿಸಿಯೆಲ್ಲ ನಾಲ್ಕು ಡ್ರಮ್ಮುಗಳ ಪಾಲಿಗೆ ಬಂತು! ಮೂರು ತಿರುವಿನ ತನಕ ಬ್ರೇಕು ಹಿಡಿದೀತು. ನಾಲ್ಕನೆಯದರಲ್ಲಿ ಕೈಕೊಟ್ಟರೆ ಪಕ್ಕದಲ್ಲಿ ಕಣಿವೆ ಇದೆ. ಇನ್ನೊಂದು ಮಾತು. ಕೆಲಸದ ಆಳುಗಳನ್ನಾಗಲಿ, ಮದುವೆಯ ದಿಬ್ಬಣವನ್ನಾಗಲಿ, ಮಕ್ಕಳನ್ನಾಗಲಿ ಟ್ರೈಲರಿನಲ್ಲಿ ಕೂರಿಸಬೇಡಿ. ಮೂಟೆ ಉರುಳಿದರೆ ಮತ್ತೆ ಬೆಳೆಯಬಹುದು.

ಮಳೆಗಾಲದಲ್ಲಿ ಹೊರಡುವ ಮುಂಚೆ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿ. 2018ರ ಆಗಸ್ಟಿನಲ್ಲಿ ಶಿರಾಡಿಯೂ 2019ರ ಆಗಸ್ಟಿನಲ್ಲಿ ಚಾರ್ಮಾಡಿಯೂ ಗುಡ್ಡ ಕುಸಿದು ಸಂಚಾರ ನಿಂತಿತ್ತು.

ಈ ತಯಾರಿಯನ್ನು ಹೊರಡುವ ಬೆಳಗ್ಗೆ ಮಾಡಲಾಗದು. ಒಂದು ವಾರ ಮುಂಚೆ ಶುರುಮಾಡಿ. ಸರಕು ತುಂಬಿದ ಮೇಲೆ ಊರ ಹತ್ತಿರದ ಸಣ್ಣ ಏರಿನಲ್ಲಿ ಒಮ್ಮೆ ಹತ್ತಿಸಿ, ಇಳಿಸಿ ನೋಡಿ. ಇಲ್ಲಿ ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯವರೊಬ್ಬರು ಒಂದೊಂದಾಗಿ ಓದಲಿ, ಓಡಿಸುವವರು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಲಿ. ಚೀಟಿಯ ಕೊನೆಯ ಸಾಲು ಮುಗಿದ ಮೇಲೆ ಗಾಡಿ ಹೊರಡಲಿ.